‘ಇವ್ನು ನಮ್ ಹುಡ್ಗ ಅಲ್ಲ ಕಣವ್ವ’

ನನ್ನ ಮೇಜಿನ ಮೇಲೆ ಯಾವಾಗಲೂ ಎರಡು ಮೂರು ತಲೆಬುರುಡೆಗಳಿರುತ್ತವೆ. ನಿಜವಾದವಲ್ಲ, ಬಿಳಿ ನೈಲಾನ್ ಪುಡಿಯಿಂದ ಪ್ರಿಂಟ್ ಮಾಡಿದವು. ಆದರೆ ಒಂದೊಂದೂ ಎಲ್ಲೋ ಓಡಾಡಿಕೊಂಡಿರುವ ಒಬ್ಬ ಮನುಷ್ಯನ ಬುರುಡೆಯ ಪಡಿಯಚ್ಚು. ಜನಕಪುರಿ ಡಿಸ್ಟ್ರಿಕ್ಟ್ ಸೆಂಟರ್‌ನ ನಮ್ಮ ಆಫೀಸಿಗೆ ಚಹಾ ತರುವ ಹುಡುಗ ಮೊದಲ ಆರು ತಿಂಗಳು ಲೋಟವನ್ನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಇಟ್ಟು ಓಡುತ್ತಿದ್ದ. ಈಗ ಅಭ್ಯಾಸವಾಗಿದೆ. ಮೊನ್ನೆ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ‘ಮೇಡಂ, ಇವರ ದವಡೆ ಸ್ವಲ್ಪ ಓರೆ ಅಲ್ವಾ?’ ಎಂದು ಹಿಂದಿಯಲ್ಲಿ ಕೇಳಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ನಾನು ಡಾಕ್ಟರ್ ಅಲ್ಲ. ಮುಖದ ಮೂಳೆಗೆ ಕೂರಿಸುವ ಇಂಪ್ಲಾಂಟ್‌ಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಎಂಜಿನಿಯರ್. ಕೆನ್ನೆಮೂಳೆ, ಗದ್ದ, ದವಡೆಯ ಮೂಲೆ, ಕಣ್ಣುಗುಳಿಯ ತಳ – ಯಾವುದು ಮುರಿದಿದೆಯೋ, ಕೊರೆದು ತೆಗೆಯಲಾಗಿದೆಯೋ, ಅಥವಾ ಇದ್ದದ್ದು ಸಾಲದು ಎಂದು ಯಜಮಾನರಿಗೇ ಅನಿಸಿದೆಯೋ, ಅದಕ್ಕೆ ಆ ಒಬ್ಬರಿಗೆ ಮಾತ್ರ ಹೊಂದುವ ತುಂಡೊಂದನ್ನು ಅಳತೆ ಮಾಡಿ ಕೊಡುವುದು ನನ್ನ ಕೆಲಸ. ತುಮಕೂರಿನಲ್ಲಿ ನಮ್ಮತ್ತೆ ಇದನ್ನೆಲ್ಲ ಕೇಳಿಸಿಕೊಂಡು ಬೀದಿಯವರಿಗೆಲ್ಲ ‘ನಮ್ ಸೊಸೆ ದಿಲ್ಲೀಲಿ ಮೂಗು ಮಾಡ್ತಾಳೆ’ ಎಂದು ಹೇಳಿಕೊಂಡು ಬಂದಿದ್ದಾರೆ. ಮೂಗನ್ನು ನಾವು ಮಾಡುವುದು ಅಪರೂಪ. ಆದರೂ ಊರಿಗೆ ಹೋದಾಗ ಒಬ್ಬರಲ್ಲ ಒಬ್ಬರು ತಮ್ಮ ಮೂಗನ್ನು ಮುಟ್ಟಿಕೊಂಡೇ ನನ್ನನ್ನು ಮಾತಾಡಿಸುತ್ತಾರೆ.

ಕೆಲಸ ಶುರುವಾಗುವುದು ಸಿ.ಟಿ. ಸ್ಕ್ಯಾನಿನಿಂದ. ಸ್ಕ್ಯಾನ್ ಎಂದರೆ ತಲೆಯನ್ನು ತೆಳ್ಳಗೆ ಹೆಚ್ಚಿದ ಹೋಳುಗಳ ಚಿತ್ರ ಎಂದುಕೊಳ್ಳಿ. ಹೋಳು 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿದ್ದರೆ ನಮಗೆ ಅನುಕೂಲ. 5 ಮಿಲಿಮೀಟರಿನ ದಪ್ಪ ಹೋಳುಗಳನ್ನು ಕಳಿಸಿದರೆ ಮುಖ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಅದರ ಮೇಲೆ ಏನನ್ನೂ ಅಳೆಯಲಾಗದು. ಕೆಲವರು ಸ್ಕ್ಯಾನ್ ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಅಂಥವರಿಗೆ ಫೋನ್ ಮಾಡಿ ‘ಸಿ.ಡಿ. ಬೇಕು ಸರ್’ ಎಂದು ವಿವರಿಸುವುದರಲ್ಲೇ ನನ್ನ ಅರ್ಧ ಸೋಮವಾರ ಹೋಗುತ್ತದೆ.

ಸ್ಕ್ಯಾನಿನ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಮೂಳೆಗೆ ಕೆಲವು ನೂರರಿಂದ ಸಾವಿರದ ಆಚೆಗೂ. ಇದು ಹೌನ್ಸ್‌ಫೀಲ್ಡ್ ಮಾಪಕ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯನ್ನು ಸ್ಕ್ಯಾನ್ ಮಾಡಿದ ಯಂತ್ರವನ್ನು ಕಟ್ಟಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಹೆಸರು. ಆತನೂ ಡಾಕ್ಟರ್ ಅಲ್ಲ, ಎಂಜಿನಿಯರ್. 1979ರ ವೈದ್ಯಕೀಯ ನೊಬೆಲ್ ಹಂಚಿಕೊಂಡ. ನಮ್ಮಂಥವರಿಗೆ ಇದೊಂದು ಸಣ್ಣ ಹೆಮ್ಮೆ. ಒಂದು ಸಂಖ್ಯೆಗಿಂತ ಮೇಲಿನದ್ದೆಲ್ಲ ಮೂಳೆ ಎಂದು ಸಾಫ್ಟ್‌ವೇರಿಗೆ ಹೇಳಿದರೆ ಚರ್ಮ, ಕೊಬ್ಬು, ಸ್ನಾಯು ಎಲ್ಲ ಕಳಚಿ ಬುರುಡೆ ಎದ್ದು ನಿಲ್ಲುತ್ತದೆ.

ಹೇಳಿದಷ್ಟು ಸುಲಭವಲ್ಲ. ಹಲ್ಲಿನಲ್ಲಿ ಬೆಳ್ಳಿ ಸಿಮೆಂಟೋ ಲೋಹದ ಕ್ಯಾಪೋ ಇದ್ದರೆ ಅದರಿಂದ ಸೂರ್ಯಕಿರಣದ ಹಾಗೆ ಗೆರೆಗಳು ಹೊಮ್ಮಿ ಸುತ್ತಲಿನದ್ದನ್ನೆಲ್ಲ ನುಂಗುತ್ತವೆ. ಇನ್ನು ಕಣ್ಣುಗುಳಿಯ ಒಳಗೋಡೆ ಕಾಗದದಷ್ಟು ತೆಳು, ಎಷ್ಟೋ ಕಡೆ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಸ್ಕ್ಯಾನಿನಲ್ಲಿ ಅಲ್ಲಿ ಮೂಳೆಯೇ ಇಲ್ಲವೆಂಬಂತೆ ತೂತು ಕಾಣುತ್ತದೆ. ಯಾವ ತೂತು ಪೆಟ್ಟಿನಿಂದ ಆದದ್ದು, ಯಾವುದು ಸ್ಕ್ಯಾನಿನ ಸೋಲು ಎಂದು ಹೋಳು ಹೋಳಾಗಿ ನೋಡಿ ಕೈಯಿಂದಲೇ ತುಂಬಬೇಕು. ಮದರಂಗಿ ಬಿಡಿಸುವವರ ತಾಳ್ಮೆ ಬೇಕಾದ ಕೆಲಸ ಅದು. ಒಂದು ಮುಖಕ್ಕೆ ಒಂದು ದಿನ, ಒಮ್ಮೊಮ್ಮೆ ಎರಡು.

ಆಮೇಲೆ ಬರುವುದು ಕನ್ನಡಿ. ಬುರುಡೆಯ ನಟ್ಟನಡುವೆ ಒಂದು ಸಮತಲ ಎಳೆದು, ಚೆನ್ನಾಗಿರುವ ಅರ್ಧವನ್ನು ತಿರುಗಿಸಿ ಕೆಟ್ಟ ಅರ್ಧದ ಮೇಲೆ ಹೊದಿಸುವುದು. ಎರಡರ ನಡುವೆ ಉಳಿಯುವ ಖಾಲಿ ಜಾಗವೇ ಇಂಪ್ಲಾಂಟಿನ ಮೊದಲ ಆಕಾರ. ಅದರ ಒಳಮೈ ರೋಗಿಯ ಮೂಳೆಯ ಪ್ರತಿ ಉಬ್ಬು ತಗ್ಗಿಗೂ ಕೂರಬೇಕು, ಹೊರಮೈ ಬೆರಳಿಗೆ ಅಂಚು ಸಿಗದಂತೆ ಇಳಿಯಬೇಕು. ಕಣ್ಣಿನ ಕೆಳ ಅಂಚಿನಿಂದ ಸುಮಾರು 7ರಿಂದ 10 ಮಿಲಿಮೀಟರ್ ಕೆಳಗೆ ಒಂದು ಸಣ್ಣ ರಂಧ್ರದಿಂದ ನರವೊಂದು ಹೊರಬಂದು ಕೆನ್ನೆಗೆ, ಮೇಲ್ತುಟಿಗೆ ಹೋಗುತ್ತದೆ. ಅದನ್ನು ಒತ್ತಿದರೆ ಆ ಮನುಷ್ಯನಿಗೆ ಆಮೇಲೆ ಮೀಸೆಗೆ ಮೆತ್ತಿದ ಮೊಸರನ್ನವೂ ಗೊತ್ತಾಗುವುದಿಲ್ಲ. ಆದ್ದರಿಂದ ಅಲ್ಲೊಂದು ಕಚ್ಚು. ಸ್ಕ್ರೂ ಎಲ್ಲಿ ಹಾಕಬೇಕು, ಅಲ್ಲಿ ಮೂಳೆ ಎಷ್ಟು ದಪ್ಪ, ಹಲ್ಲಿನ ಬೇರು ಎಷ್ಟು ದೂರ? ಮುಖ್ಯವಾಗಿ, ಸರ್ಜನ್ ಬಾಯಿಯ ಒಳಗಿನಿಂದ ಕೊಯ್ಯುವ ಆ ಸಣ್ಣ ಸಂದಿಯಲ್ಲಿ ಇದು ತೂರುತ್ತದೆಯೇ? ಪರದೆಯ ಮೇಲೆ ಚೆಲುವಾಗಿ ಕೂತ ಇಂಪ್ಲಾಂಟ್ ಆಪರೇಷನ್ ಟೇಬಲ್ಲಿನಲ್ಲಿ ಒಳಗೇ ಹೋಗದಿದ್ದರೆ ಅದೊಂದು ದುಬಾರಿ ಪೇಪರ್‌ವೇಟ್, ಅಷ್ಟೆ.

ತುಂಡನ್ನು ಟೈಟಾನಿಯಂ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಮಾಡಬಹುದು, ಅಥವಾ ‘ಪೀಕ್’ ಎಂಬ ಗಟ್ಟಿ ಪಾಲಿಮರಿನಿಂದ ಮಾಡಬಹುದು. 2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ 83 ವರ್ಷದ ಅಜ್ಜಿಯೊಬ್ಬರಿಗೆ ಹೀಗೆ ಪ್ರಿಂಟ್ ಮಾಡಿದ ಇಡೀ ಕೆಳದವಡೆಯನ್ನೇ ಕೂರಿಸಿದ್ದರು. ತೂಕ 107 ಗ್ರಾಂ, ಸಹಜ ದವಡೆಗಿಂತ ಸುಮಾರು 30 ಗ್ರಾಂ ಹೆಚ್ಚು. ನಾನು ಕಾಲೇಜು ಮುಗಿಸುತ್ತಿದ್ದ ಕಾಲಕ್ಕೆ ಬಂದ ಆ ಸುದ್ದಿಯನ್ನು ಓದಿಯೇ ನಾನು ಈ ದಾರಿಗೆ ಬಿದ್ದದ್ದು. ನಮ್ಮ ದೇಶದ 2017ರ ವೈದ್ಯಕೀಯ ಸಾಧನ ನಿಯಮಗಳಲ್ಲೂ ಇಂಥವಕ್ಕೆ ಬೇರೆ ವ್ಯಾಖ್ಯೆಯೇ ಇದೆ: ನೋಂದಾಯಿತ ವೈದ್ಯರು ಲಿಖಿತವಾಗಿ ಬರೆದುಕೊಟ್ಟಂತೆ, ಒಬ್ಬ ನಿರ್ದಿಷ್ಟ ರೋಗಿಗಷ್ಟೇ ಮಾಡಿದ್ದು. ಹಾಗಾಗಿ ವಿನ್ಯಾಸಕ್ಕೆ ಡಾಕ್ಟರ ಸಹಿ ಬೀಳುವವರೆಗೆ ನಮ್ಮ ಯಂತ್ರ ಅಲ್ಲಾಡುವುದಿಲ್ಲ.

ಇದೆಲ್ಲ ಹೊಸದು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಕತ್ತರಿಸಿಹೋದ ಮೂಗನ್ನು ಕಟ್ಟುವಾಗ ಮೊದಲು ಅದರ ಅಳತೆಗೆ ಒಂದು ಎಲೆ ಕತ್ತರಿಸಿಕೊಂಡು, ಆ ಎಲೆಯಷ್ಟು ಚರ್ಮವನ್ನು ಕೆನ್ನೆಯಿಂದ ಎತ್ತಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಇನ್ನೊಂದು ಕಥೆಯ ಎಳೆ ನಮ್ಮ ಶ್ರೀರಂಗಪಟ್ಟಣಕ್ಕೇ ಬಂದು ಮುಟ್ಟುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರದ ಒಬ್ಬ ಇಟ್ಟಿಗೆ ಮಾಡುವ ಕುಲದವನು ಅವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಅದರ ವರದಿ, ಕಾವಸ್ಜಿಯ ಚಿತ್ರದೊಂದಿಗೆ, 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅದನ್ನು ತಿಳಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಹೆಣಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿ 1814ರಲ್ಲಿ ಅದೇ ವಿಧಾನದಲ್ಲಿ ಆಪರೇಷನ್ ಮಾಡಿದ. ಯೂರೋಪಿನಲ್ಲಿ ಮೂಗು ಕಟ್ಟುವ ವಿದ್ಯೆ ಮತ್ತೆ ಚಿಗುರಿದ್ದು ಹಾಗೆ.

ಈ ವರದಿಯಲ್ಲಿ ನನಗೆ ಇಷ್ಟವಾದದ್ದು ಒಂದು ಸಣ್ಣ ವಿವರ. ಆ ಪುಣೆಯವನು ಚಾಕು ಮುಟ್ಟುವ ಮುಂಚೆ ತೆಳ್ಳನೆಯ ಮೇಣದ ಹಾಳೆಯನ್ನು ಉಳಿದ ಮೂಗಿನ ಬುಡದ ಮೇಲೆ ಒತ್ತಿ ಚಂದದ ಮೂಗೊಂದನ್ನು ರೂಪಿಸಿದ. ಆಮೇಲೆ ಅದನ್ನು ಬಿಡಿಸಿ, ಚಪ್ಪಟೆ ಮಾಡಿ, ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ನಾನು ದಿನವೂ ಮಾಡುವುದು ಇದನ್ನೇ. ಆದರೆ ಅವನಿಗೆ ಒಂದು ಅನುಕೂಲವಿತ್ತು: ಆ ಮೂಗಿನ ಯಜಮಾನ ಎದುರಿಗೇ ಕೂತಿದ್ದ, ಹೀಗಿತ್ತು ಹಾಗಿತ್ತು ಎಂದು ಹೇಳಬಲ್ಲವನಾಗಿದ್ದ. ನನಗೆ ಬರುವುದು ಒಂದು ಸಿ.ಡಿ.

ನಮ್ಮಲ್ಲಿಗೆ ಬರುವ ಕೆಲಸ ಎರಡು ಬಗೆ. ಒಂದು, ಕಳೆದುಕೊಂಡವರದ್ದು: ಅಪಘಾತ, ಕ್ಯಾನ್ಸರ್, ಹುಟ್ಟಿನಿಂದ ಬಂದ ಕೊರತೆ. 2021ರ ಕಪ್ಪು ಶಿಲೀಂಧ್ರವನ್ನು ಮರೆಯಲಾದೀತೇ? ಆ ಜುಲೈ ವೇಳೆಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಪ್ರಕರಣಗಳಾಗಿವೆ ಎಂದು ಸರ್ಕಾರ ಸಂಸತ್ತಿಗೆ ಹೇಳಿತ್ತು. ಬದುಕಿ ಉಳಿದ ಎಷ್ಟೋ ಜನರ ಮೇಲ್ದವಡೆಯನ್ನೇ ತೆಗೆಯಬೇಕಾಯಿತು. ಅವರಿಗೆ ಇಂಪ್ಲಾಂಟ್ ಎಂದರೆ ಚೆಂದದ ಮಾತಲ್ಲ, ಕುಡಿದ ನೀರು ಮೂಗಿನಿಂದ ಹೊರಬಾರದಿರುವ ಮಾತು. ಮದ್ರಾಸ್ ಐಐಟಿಯವರೂ ಅಂಥವರಿಗಾಗಿಯೇ ಮುಖದ ಇಂಪ್ಲಾಂಟ್ ಪ್ರಿಂಟ್ ಮಾಡುವ ಕೆಲಸಕ್ಕೆ ಕೈಹಾಕಿದರು.

ಎರಡನೆಯದು, ಇದ್ದದ್ದನ್ನು ಹೆಚ್ಚಿಸಿಕೊಳ್ಳಬೇಕು ಎನ್ನುವವರದ್ದು. ಇವೆರಡರ ನಡುವಿನ ಗೆರೆಯನ್ನು ಜಿಎಸ್‌ಟಿ ನಮ್ಮೆಲ್ಲರಿಗಿಂತ ಖಚಿತವಾಗಿ ಎಳೆದಿದೆ. ಚಿಕಿತ್ಸೆಗೆ ತೆರಿಗೆ ಇಲ್ಲ. ಸೌಂದರ್ಯದ ಸರ್ಜರಿಗೆ ಶೇ 18 ಇದೆ. ಆದರೆ ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಗಾಯ, ಅಪಘಾತದಿಂದ ಕೆಟ್ಟದ್ದನ್ನು ಸರಿಪಡಿಸುವುದಾದರೆ ವಿನಾಯಿತಿ. ಒಂದೇ ಗದ್ದ, ಒಂದೇ ಪೀಕ್ ತುಂಡು. ಗಾಡಿಯಿಂದ ಬಿದ್ದವನಿಗೆ ಒಂದು ಲೆಕ್ಕ, ಬೀಳದವನಿಗೆ ಇನ್ನೊಂದು.

ಎರಡನೆಯ ಬಗೆಯವರನ್ನು ಹಗುರವಾಗಿ ಕಾಣುವ ಚಾಳಿ ನನಗೆ ಮೊದಲು ಇತ್ತು, ಈಗ ಕಡಿಮೆಯಾಗಿದೆ. ಚಿಕ್ಕಂದಿನಿಂದ ‘ಗದ್ದ ಇಲ್ಲದವನು’ ಎನಿಸಿಕೊಂಡು, ಎಲ್ಲ ಫೋಟೊದಲ್ಲೂ ಕೈಯನ್ನು ಗಲ್ಲಕ್ಕೆ ಆನಿಸಿಕೊಂಡೇ ನಿಂತ ಒಬ್ಬ ಕಾಲೇಜು ಮೇಷ್ಟ್ರು 5 ಮಿಲಿಮೀಟರಿನ ಒಂದು ತುಂಡು ಕೂತ ಮೇಲೆ ಕೈ ಕೆಳಗಿಳಿಸಿದ್ದನ್ನು ನೋಡಿದ್ದೇನೆ. ಆದರೆ ಇತ್ತೀಚೆಗೆ ಮದುವೆ ಸೀಜನ್ನಿಗೆ ಮುಂಚೆ ಬರುವ ಹುಡುಗರಿದ್ದಾರಲ್ಲ, ಅವರದ್ದು ಬೇರೆ ಕಥೆ. ಪಶ್ಚಿಮ ದಿಲ್ಲಿಯ ಒಬ್ಬ ವರ ಫೋನಿನಲ್ಲಿ ತನ್ನದೇ ಫೋಟೊ ತೋರಿಸಿದ; ದವಡೆಯನ್ನು ಆ್ಯಪ್‌ನಲ್ಲಿ ಚೌಕ ಮಾಡಿಕೊಂಡಿದ್ದ. ‘ಇದೇ ಬೇಕು.’ ಅಳೆದು ನೋಡಿದರೆ ಆ ಚಿತ್ರದಲ್ಲಿ ಅವನ ಕುತ್ತಿಗೆಗಿಂತ ದವಡೆ ಅಗಲ.

ಸೆಲ್ಫಿಯ ಮೋಸ ಬಹಳ ಜನಕ್ಕೆ ಗೊತ್ತಿಲ್ಲ. 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದಿಂದ ತೆಗೆದ ಫೋಟೊಗೆ ಹೋಲಿಸಿದರೆ, ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಮುಂದಿರುವುದು ಉಬ್ಬುತ್ತದೆ, ಹಿಂದಿರುವ ಕಿವಿ, ದವಡೆ ಕುಗ್ಗುತ್ತವೆ. ಕೈಯಳತೆಯ ದೂರದಲ್ಲಿ ನೋಡಿಕೊಂಡು ದವಡೆ ಚಿಕ್ಕದು ಎಂದು ಕೊರಗುವವನಿಗೆ ಬೇಕಾದದ್ದು ಒಮ್ಮೊಮ್ಮೆ ಇಂಪ್ಲಾಂಟ್ ಅಲ್ಲ, ಉದ್ದದ ಕೈಯುಳ್ಳ ಗೆಳೆಯ. ಇನ್ನು, ಮೂಳೆಯ ಮೇಲೆ ಇಟ್ಟಷ್ಟೇ ಅಳತೆ ಚರ್ಮದ ಮೇಲೆ ಬರುವುದಿಲ್ಲ. ಕೊಬ್ಬು, ಸ್ನಾಯು ನಡುವೆ ಕೂತು ತಮ್ಮ ಪಾಲು ಕಡಿದುಕೊಳ್ಳುತ್ತವೆ. ದೊಡ್ಡ ತುಂಡು ಇಟ್ಟಷ್ಟೂ ಹೊಲಿಗೆ ಬಿಗಿಯಾಗುತ್ತದೆ, ಸೋಂಕಿನ ಅಪಾಯ ಏರುತ್ತದೆ. ಗದ್ದದ ಇಂಪ್ಲಾಂಟ್ ಕಾಲಾಂತರದಲ್ಲಿ ಕೆಳಗಿನ ಮೂಳೆಯನ್ನೇ ಸವೆಸುವುದೂ ಉಂಟು. ನಮ್ಮ ಸರ್ಜನ್ ಆ ವರನಿಗೆ ಇದನ್ನೆಲ್ಲ ಹೇಳಿ, ಮದುವೆ ಮುಗಿಸಿಕೊಂಡು ಬಾ ಎಂದರು. ಅವನು ಮತ್ತೆ ಬರಲಿಲ್ಲ. ಬೇರೆಲ್ಲೋ ಮಾಡಿಸಿಕೊಂಡಿರಬಹುದು. ಆ ಕೆಲಸ ಹೋದದ್ದಕ್ಕೆ ನಮ್ಮ ಮಾರ್ಕೆಟಿಂಗಿನವರು ಒಂದು ವಾರ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ, ನಾನೇನೋ ತಡೆದೆ ಎಂಬಂತೆ.

ಈಗ ನಾನು ಬರೆಯಬೇಕೆಂದು ಕೂತ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ತಪ್ಪಿದ್ದು ನಾನು. ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಹಾಸನ ಜಿಲ್ಲೆಯ ಹುಡುಗ, 24 ವರ್ಷ, ಗುರುಗ್ರಾಮದ ಒಂದು ಗೋದಾಮಿನಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ಬಿದ್ದ. ಎಡಗೆನ್ನೆಮೂಳೆ, ಎಡಗಣ್ಣಿನ ತಳ ಮುರಿದವು. ಅಂದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರಿಂದ ಡಾಕ್ಟರುಗಳು ಜೀವ ಉಳಿಸುವುದನ್ನು ನೋಡಿಕೊಂಡರು. ಮುಖದ ಸರದಿ ಬರಲಿಲ್ಲ. ಎಂಟು ತಿಂಗಳ ಮೇಲೆ ನಮ್ಮ ಸರ್ಜನ್ ಬಳಿಗೆ ಬಂದಾಗ ಮೂಳೆಗಳು ಇದ್ದಲ್ಲೇ ಕೂಡಿಕೊಂಡಿದ್ದವು. ಕೆನ್ನೆ ಒಳಗೆ ಕುಸಿದಿತ್ತು, ಎಡಗಣ್ಣು ಹಿಂದಕ್ಕೆ ಇಳಿದಿತ್ತು, ನೋಡಿದ್ದೆಲ್ಲ ಎರಡೆರಡು ಕಾಣುತ್ತಿತ್ತು. ಕಣ್ಣುಗುಳಿಯ ಒಟ್ಟು ಜಾಗ ಸುಮಾರು 30 ಮಿಲಿಲೀಟರ್. ಅದು 1 ಮಿಲಿಲೀಟರ್ ಹಿಗ್ಗಿದರೆ ಕಣ್ಣು ಹೆಚ್ಚುಕಡಿಮೆ 1 ಮಿಲಿಮೀಟರ್ ಹಿಂದೆ ಸರಿಯುತ್ತದೆ. ಇವನದ್ದು 3 ಮಿಲಿಲೀಟರಿಗಿಂತ ಹೆಚ್ಚು ಹಿಗ್ಗಿತ್ತು.

ಕೂಡಿದ ಮೂಳೆಯನ್ನು ಮತ್ತೆ ಮುರಿದು ಕೂರಿಸುವುದು ಬೇಡ, ಕಣ್ಣಿನ ತಳಕ್ಕೆ ಟೈಟಾನಿಯಂ, ಕೆನ್ನೆಗೆ ಪೀಕ್ ಎಂದು ಸರ್ಜನ್ ನಿರ್ಧರಿಸಿದರು. ನಾನು ಹೊಸ ಸ್ಕ್ಯಾನ್ ತೆಗೆದುಕೊಂಡೆ, ಬಲಗಡೆಯನ್ನು ಎಡಕ್ಕೆ ಕನ್ನಡಿ ಹಿಡಿದೆ, ಎಲ್ಲ ಅಚ್ಚುಕಟ್ಟಾಗಿ ಬಂತು. ಹುಡುಗನ ತಾಯಿ ಊರಿನಿಂದ ಬಂದಿದ್ದರು; ಅವರಿಗೆ ಹಿಂದಿ ಬರದು, ಸರ್ಜನ್‌ಗೆ ಕನ್ನಡ ಬರದು. ‘ನೀನೇ ಬಂದು ವಿವರಿಸು’ ಎಂದು ಡಾಕ್ಟರ್ ಕರೆದರು. ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಆಪರೇಷನ್ ಆದ ಮೇಲೆ ಮುಖ ಹೇಗೆ ಬರಬಹುದು ಎಂಬ ಅಂದಾಜು ಚಿತ್ರವೊಂದನ್ನು ಸಾಫ್ಟ್‌ವೇರ್ ಕೊಡುತ್ತದೆ. ಜೇಡಿಮಣ್ಣಿನ ಬೊಂಬೆಯ ಹಾಗೆ ಬೂದು ಬಣ್ಣ, ಕೂದಲು ಹುಬ್ಬು ಏನೂ ಇರುವುದಿಲ್ಲ.

ಆಕೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ‘ಇವ್ನು ನಮ್ ಹುಡ್ಗ ಅಲ್ಲ ಕಣವ್ವ’ ಎಂದರು.

ಕೂದಲಿಲ್ಲದ್ದಕ್ಕೆ ಹಾಗೆ ಕಾಣುತ್ತದಮ್ಮ, ಬಣ್ಣ ಇಲ್ಲವಲ್ಲ ಎಂದೆಲ್ಲ ಸಮಜಾಯಿಷಿ ಕೊಟ್ಟೆ. ಅವರು ತಲೆಯಾಡಿಸಿದರು. ‘ಅದ್ಕಲ್ಲ. ಎಡಗೆನ್ನೆ ಮೊದ್ಲಿಂದ್ಲೂ ವಸಿ ತಗ್ಗು ಅವ್ನಿಗೆ. ಅವ್ರಪ್ಪಂದೂ ಹಂಗೇಯ. ಬಲಗಡೆ ನಕ್ರೆ ಎಡಗಡೆ ನಗಾಕಿಲ್ಲ ಅಂತ ನಾವೆಲ್ಲ ಆಡ್ಕೋತಿದ್ವಿ.’

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಅನುವಾದ ಮಾಡಿದೆ. ಹಳೆಯ ಫೋಟೊ ನೋಡಿದ್ದೀಯಾ ಎಂದು ಕೇಳಿದರು. ನೋಡಿರಲಿಲ್ಲ. ಆಧಾರ್ ಕಾರ್ಡಿನ ಪ್ರತಿ ಫೈಲಿನಲ್ಲಿತ್ತು, ಆದರೆ ಆಧಾರ್ ಫೋಟೊದಲ್ಲಿ ನನ್ನನ್ನು ನಾನೇ ಗುರುತಿಸಲಾರೆ.

ಯಾರ ಮುಖದ ಎರಡು ಅರ್ಧಗಳೂ ಒಂದೇ ಇರುವುದಿಲ್ಲ ಎಂಬುದು ನನ್ನ ಕೆಲಸದ ಮೊದಲ ಪಾಠ. ನಾನೇ ಹೊಸಬರಿಗೆ ಅದನ್ನು ಹೇಳಿಕೊಡುತ್ತೇನೆ. ಆದರೂ ನೂರಾರು ಮುಖಕ್ಕೆ ಕನ್ನಡಿ ಹಿಡಿದೂ ಹಿಡಿದೂ, ಎರಡೂ ಕಡೆ ಸಮವಾಗಿ ಬಂದರೆ ಕೆಲಸ ಸರಿಯಾಯಿತು ಎಂದು ಕೈ ತಾನೇ ತೀರ್ಮಾನಿಸಿಬಿಟ್ಟಿರುತ್ತದೆ. ಒಂದು ವಾರ ಕಳೆದಿದ್ದರೆ ಸಹಿ ಬಿದ್ದು, ತುಂಡು ತಯಾರಾಗಿ, ಅವನ ಮುಖದೊಳಗೆ ಸ್ಕ್ರೂ ಹಾಕಿ ಕೂರಿಸಲಾಗುತ್ತಿತ್ತು. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು. ತಾಯಿಯೊಬ್ಬರಿಗೆ ಮಾತ್ರ ಗೊತ್ತಾಗುತ್ತಿತ್ತು.

ಆಮೇಲೆ ಆದದ್ದು ಇನ್ನೂ ನಾಚಿಕೆಯ ವಿಷಯ. ‘ಹಳೇ ಫೋಟೊ ಏನಾದ್ರೂ ತಂದಿದೀರಾ ಅಮ್ಮ?’ ಎಂದು ಕೇಳಿದೆ. ಆಕೆ ಬಟ್ಟೆಯ ಚೀಲ ತೆಗೆದರು. ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿನ ಫೋಟೊ, ಸೋದರತ್ತೆ ಮಗಳ ಮದುವೆಯ ನಾಲ್ಕು ಫೋಟೊ, ಆಸ್ಪತ್ರೆಯ ಬಿಲ್ಲುಗಳ ಕಂತೆ, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಸಿ.ಡಿ. ಅಪಘಾತದ ರಾತ್ರಿ ತೆಗೆದ ಸ್ಕ್ಯಾನ್. ‘ಏನೋ ಬೇಕಾದಾತು ಅಂತ ಮಡಗಿದ್ದೆ’ ಎಂದರು. ಎಂಟು ತಿಂಗಳಿಂದ ಅದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಫೀಸಿಗೆ ಬಂದು ತೆರೆದೆ. ಮೆದುಳಿಗಾಗಿ ತೆಗೆದದ್ದಾದರೂ 1.25 ಮಿಲಿಮೀಟರಿನ ಹೋಳುಗಳು ಕೆನ್ನೆಯ ಕೆಳಗಿನವರೆಗೂ ಇದ್ದವು. ಮುರಿದ ಕೆನ್ನೆಮೂಳೆ ಮೂರು ದೊಡ್ಡ ಚೂರಾಗಿ, ಆದರೆ ಒಂದೊಂದು ಚೂರೂ ತನ್ನ ಮೂಲ ಆಕಾರದಲ್ಲಿ ಕೂತಿತ್ತು. ಎಂಟು ತಿಂಗಳ ನಂತರದ ಸ್ಕ್ಯಾನಿನಲ್ಲಿ ಅವು ಕರಗಿ ಬೆಸೆದು ಗುರುತೇ ಸಿಗದಂತಾಗಿದ್ದವು. ಒಡೆದ ಮಡಕೆಯ ಚೂರು ಜೋಡಿಸುವ ಹಾಗೆ ಪರದೆಯ ಮೇಲೆ ಅವನ್ನು ಅಂಚಿಗೆ ಅಂಚು ಕೂಡಿಸುತ್ತ ಹೋದೆ. ಹಣೆಯ ಕಡೆಯ ಕೀಲು, ಕಿವಿಯ ಕಡೆಯ ಕಮಾನು, ಮೇಲ್ದವಡೆಯ ಅಂಚು. ಬೆಳಗಿನ ಜಾವ ಎರಡಕ್ಕೆ ಅವನ ಹಳೆಯ ಎಡಗೆನ್ನೆ ಎದುರಿಗಿತ್ತು. ನಾನು ಕನ್ನಡಿ ಹಿಡಿದು ಮಾಡಿದ ಕೆನ್ನೆಗಿಂತ 2.1 ಮಿಲಿಮೀಟರ್ ಒಳಗೆ, ಸ್ವಲ್ಪ ಕೆಳಗೆ. ಎರಡು ಮಿಲಿಮೀಟರ್ ಎಂದರೆ ಮೂರು ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟಷ್ಟೂ ಇಲ್ಲ ಎನ್ನಬಹುದು. ಅಷ್ಟನ್ನು ಆಕೆ ಕೂದಲಿಲ್ಲದ ಬೂದು ಬೊಂಬೆಯಲ್ಲಿ ಕಂಡುಹಿಡಿದಿದ್ದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಹುಡುಗ ಫೋನ್ ಮಾಡಿದ. ‘ಅಕ್ಕಾ, ಎರಡೂ ಕಡೆ ಒಂದೇ ಥರ ಇದ್ರೆ ಇನ್ನೂ ಚೆನ್ನಾಗಿರುತ್ತಲ್ವಾ? ಹೆಂಗೂ ಮಾಡಿಸ್ತಾನೇ ಇದೀವಿ.’

ನನ್ನ ಬಳಿ ಉತ್ತರವಿರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ದುಡ್ಡು ಖರ್ಚಾಗುತ್ತಿದೆ, ನೋವು ತಿನ್ನುವವನು ಅವನು, ಮುಖ ಅವನದ್ದು. ಮದುವೆಯ ವಯಸ್ಸು. ತಾಯಿಗೆ ಗಂಡನ ನಗು ಮಗನ ಮುಖದಲ್ಲಿ ಉಳಿಯಲಿ ಎಂಬ ಆಸೆ ಇರಬಹುದು; ಅದಕ್ಕಾಗಿ ಇವನು ಓರೆಗೆನ್ನೆಯನ್ನೇ ಹೊತ್ತುಕೊಂಡಿರಬೇಕೇ? ಪಶ್ಚಿಮ ದಿಲ್ಲಿಯ ವರನನ್ನು ನೋಡಿ ಒಳಗೊಳಗೇ ನಕ್ಕಿದ್ದ ನಾನು ಇವನಿಗೆ ಏನು ಹೇಳಲಿ? ಅವನಿಗೆ ಬೇಡ ಎಂದದ್ದನ್ನೇ ಇವನಿಗೆ ತಾನಾಗಿ ಮಾಡಿಕೊಡಲು ಹೊರಟವಳು ನಾನು.

ಸರ್ಜನ್‌ಗೆ ತಿಳಿಸಿದೆ. ಅವರು ಮಾತು ಕಡಿಮೆಯ ಮನುಷ್ಯ. ‘ಕಣ್ಣಿನ ತಳದಲ್ಲಿ ಚರ್ಚೆಯಿಲ್ಲ, ಅಲ್ಲಿ ಅಳತೆ ಹೇಳಿದಂತೆ. ಕೆನ್ನೆ ಅವನ ಇಷ್ಟ. ಎರಡೂ ವಿನ್ಯಾಸ ಮಾಡು’ ಎಂದರು. ಮಾಡಿದೆ. ಒಂದಕ್ಕೆ ‘ಹಳೆಯದು’, ಇನ್ನೊಂದಕ್ಕೆ ‘ಸಮ’ ಎಂದು ಹೆಸರಿಟ್ಟೆ. ಎರಡನ್ನೂ ಪ್ರಿಂಟ್ ಮಾಡಿ ಬುರುಡೆಯ ಮೇಲೆ ಕೂರಿಸಿ ಅವರೆದುರು ಇಟ್ಟೆ.

ಅಂದು ತಾಯಿ ಕೆನ್ನೆಯ ವಿಷಯ ಏನೂ ಮಾತಾಡಲಿಲ್ಲ. ಅವರ ಕಣ್ಣೆಲ್ಲ ಬುರುಡೆಯ ಮೇಲಿತ್ತು. ಬದುಕಿರುವ ಮಗನ ಬುರುಡೆ ಮೇಜಿನ ಮೇಲಿರುವುದನ್ನು ನೋಡುವುದು ಯಾವ ತಾಯಿಗೆ ಸುಲಭ? ಅದು ನನಗೆ ಹೊಳೆಯಲೇ ಇಲ್ಲ ನೋಡಿ. ‘ಇದನ್ನ ಹಿಂಗೆ ಬಯಲಲ್ಲಿ ಮಡಗ್ಬೇಡ ಕಣವ್ವ, ಒಂದು ಬಟ್ಟೆ ಮುಚ್ಚಿ ಮಡಗು’ ಎಂದರು. ಕುತ್ತಿಗೆಗೆ ಸುತ್ತಿಕೊಂಡಿದ್ದ ದುಪಟ್ಟಾ ತೆಗೆದು ಮುಚ್ಚಿದೆ.

ಡಾಕ್ಟರ್ ತಾಯಿಯನ್ನು ಹೊರಗೆ ಕೂರಿಸಿ, ನನ್ನನ್ನೂ ಕಳಿಸಿ, ಹುಡುಗನ ಹತ್ತಿರ ಒಬ್ಬರೇ ಮಾತಾಡಿದರು. ಹಿಂದಿಯಲ್ಲಿ, ಇಪ್ಪತ್ತು ನಿಮಿಷ. ಅವನು ‘ಹಳೆಯದು’ ಎಂಬುದಕ್ಕೆ ಸಹಿ ಹಾಕಿ ಹೊರಬಂದ. ಯಾಕೆ ಎಂದು ನಾನು ಕೇಳಲಿಲ್ಲ. ‘ಅಮ್ಮ ಎರಡು ರಾತ್ರಿ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಕೂತ್ಕೊಂಡು ಬಂದವ್ಳೆ ಅಕ್ಕ’ ಎಂದು ಅವನೇ ಹೇಳಿ ನಕ್ಕ. ಬಲಗಡೆ ಮಾತ್ರ. ಅದು ಅವನ ಸ್ವಂತ ತೀರ್ಮಾನವೋ, ತಾಯಿಗಾಗಿ ಬಿಟ್ಟುಕೊಟ್ಟದ್ದೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಎರಡೂ ಇರಬಹುದು. ಮನೆಯಲ್ಲಿ ಈ ವಿಷಯ ಹೇಳಿದಾಗ ನನ್ನ ಗಂಡ, ‘ಸಮ ಮಾಡಿಸ್ಕೋಬೇಕಿತ್ತು ಕಣೇ, ಪೆದ್ದ’ ಎಂದರು. ನಾವಿಬ್ಬರೂ ಅದರ ಬಗ್ಗೆ ಮೆಟ್ರೊದಲ್ಲಿ ಜನಕಪುರಿ ವೆಸ್ಟಿನಿಂದ ಆರ್.ಕೆ. ಪುರದವರೆಗೆ ಜಗಳವಾಡಿಕೊಂಡೇ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋದೆವು.

ಆಪರೇಷನ್ನಿಗೆ ಮೂರೂವರೆ ಗಂಟೆ ಹಿಡಿಯಿತು. ಕೆಳರೆಪ್ಪೆಯ ಒಳಗಿನಿಂದ ಒಂದು ಕೊಯ್ತ, ಮೇಲ್ವಸಡಿನ ಒಳಗಿನಿಂದ ಇನ್ನೊಂದು; ಹೊರಗೆ ಗುರುತಿಲ್ಲ. ಟೈಟಾನಿಯಂ ತಟ್ಟೆ ಒಂದೇ ಸಲಕ್ಕೆ ಕೂತಿತು ಎಂದು ಡಾಕ್ಟರ್ ಸಂದೇಶ ಕಳಿಸಿದರು. ಪೀಕ್ ತುಂಡಿನ ಒಂದು ಮೂಲೆಯನ್ನು ಮಾತ್ರ ಅವರು ಅಲ್ಲೇ ಸ್ವಲ್ಪ ಉಜ್ಜಬೇಕಾಯಿತಂತೆ. ಅಲ್ಲಿ ಹೊಸ ಮೂಳೆ ಬೆಳೆದು ಉಬ್ಬಿದ್ದನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ.

ಈಗ ನಮ್ಮ ಅರ್ಜಿ ನಮೂನೆಯಲ್ಲಿ ಎರಡು ಸಾಲು ಸೇರಿಸಿದ್ದೇವೆ. ‘ಅಪಘಾತಕ್ಕೆ ಮುಂಚಿನ ಫೋಟೊ, ಎದುರಿನಿಂದ, ನಗುವಾಗಿನದ್ದೂ ಸೇರಿ.’ ‘ಹಿಂದೆ ತೆಗೆದ ಯಾವುದೇ ಸ್ಕ್ಯಾನ್.’ ಆಸ್ಪತ್ರೆಗಳು ಅದನ್ನು ಖಾಲಿ ಬಿಟ್ಟು ಕಳಿಸಿದರೆ ನಾನೇ ರೋಗಿಯ ಮನೆಗೆ ಫೋನ್ ಮಾಡಿಸುತ್ತೇನೆ. ತಡವಾಗುತ್ತದೆ ಎಂಬ ದೂರಿದೆ, ಇರಲಿ. ಯಾರಾದರೂ ನಿಮ್ಮ ಮನೆಯವರು ಪೆಟ್ಟು ತಿಂದು ಆಸ್ಪತ್ರೆ ಸೇರಿದರೆ ಮೊದಲ ದಿನದ ಸ್ಕ್ಯಾನಿನ ಸಿ.ಡಿ.ಯನ್ನು ಕೇಳಿ ಪಡೆದು ಜೋಪಾನ ಮಾಡಿ. ಫಿಲ್ಮ್ ಸಾಲದು, ಸಿ.ಡಿ. ಬೇಕು.

ಆರು ವಾರದ ನಂತರ ಊತ ಇಳಿದ ಮೇಲೆ ಹುಡುಗ ಆಫೀಸಿಗೇ ಬಂದಿದ್ದ, ಊರಿನಿಂದ ಬಂದ ಕೋಡುಬಳೆ ಡಬ್ಬಿಯೊಂದಿಗೆ. ಚಹಾದ ಹುಡುಗನಿಗೂ ಕೊಟ್ಟೆವು. ಎಡಗಣ್ಣು ಬಲಗಣ್ಣಿನ ಸಾಲಿಗೆ ಬಂದಿದೆ. ಮೇಲ್ತುಟಿ ಎಡಗಡೆ ಇನ್ನೂ ಜೋಮು, ಅದು ಹೋಗಲು ತಿಂಗಳುಗಳು ಹಿಡಿಯಬಹುದು. ನೇರ ನೋಡಿದರೆ ಒಂದೇ ಕಾಣುತ್ತದಂತೆ.

‘ಮೇಲೆ ನೋಡ್ದಾಗ ಮಾತ್ರ ಇನ್ನೂ ಎರಡೆರಡು ಅಕ್ಕ. ಟ್ಯೂಬ್‌ಲೈಟು ಎರಡಾಗುತ್ತೆ.’

ಮುಂದಿನ ತಿಂಗಳು ಮತ್ತೊಂದು ಸ್ಕ್ಯಾನ್ ಇದೆ. ತಟ್ಟೆ ಹಿಂಬದಿಯಲ್ಲಿ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಬೇಕು. 1 ಮಿಲಿಮೀಟರಿನ ಹೋಳುಗಳೇ ಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.